ಒಂದಡಿಗೆ ಕಾಲಿಂಚು

ಮಾವನ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಮರ ಹೆರೆಯುವ ಯಂತ್ರಕ್ಕೆ ಬೆರಳು ಸಿಕ್ಕಿ ಕಿತ್ತುಹೋದ ಉಗುರು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಜಾಗದಲ್ಲಿ ಎಳೆ ಮಗುವಿನ ಹಿಮ್ಮಡಿಯಂಥ ನುಣುಪು ಚರ್ಮ ಬಂದಿತ್ತು. ಆ ಬೋಳು ಬೆರಳಿನಿಂದ ಅವರು ಕಂಡದ್ದನ್ನೆಲ್ಲ ಸವರಿ ನೋಡುತ್ತಿದ್ದರು. ಬಾಗಿಲ ಅಂಚು, ಹೊಸ ಪಾತ್ರೆಯ ಕಂಠ, ಮರದ ಹಲಗೆ, ಯಾವುದೂ ಬಿಟ್ಟಿದ್ದಲ್ಲ. ಮದುವೆಯಾದ ಹೊಸದರಲ್ಲಿ ನಾನು ಹೊಲಿದಿಟ್ಟಿದ್ದ ರವಿಕೆಯೊಂದನ್ನು ಎತ್ತಿಕೊಂಡು, ಒಳಮಗ್ಗುಲನ್ನು ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳು ಎಳೆದು, "ಇಲ್ಲೊಂದ್ ಕಡೆ ದಾರ ಉಸಿರು ಹಿಡ್ಕೊಂಡಿದೆ ನೋಡಮ್ಮ" ಅಂದರು. ನನಗೆ ಮೈ ಉರಿದುಹೋಯಿತು. "ಹಾಕ್ಕೊಳ್ಳೋರು ನೀವಲ್ಲವಲ್ಲ ಮಾವ" ಅಂದೆ. ಅವರು ನಗುತ್ತಾ ಹೊರಗೆ ಹೋದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ, ಅವರು ತೋರಿಸಿದ ಕಡೆಯೇ ನಾಲ್ಕು ಹೊಲಿಗೆ ಬಿಗಿಯಾಗಿ ಬಿದ್ದಿತ್ತು.

ಭದ್ರಾವತಿಯ ಕಾರ್ಖಾನೆಯೊಂದರ ಪ್ಯಾಟರ್ನ್ ಶಾಪಿನಲ್ಲಿ ಅವರು ಮೂವತ್ತೆಂಟು ವರ್ಷ ಕೆಲಸ ಮಾಡಿದವರು. ಕಬ್ಬಿಣವನ್ನೋ ಉಕ್ಕನ್ನೋ ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಮರದಲ್ಲಿ ಮಾಡಿಕೊಳ್ಳಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆ ಮರದ ರೂಪ ಮಾಡುವುದು ಮಾವನ ಕೆಲಸ. "ನಾನ್ ಮಾಡಿದ್ದು ಮರಳಿಗೆ ಹೋಗುತ್ತೆ, ಜನ ನೋಡೋದು ಕಬ್ಬಿಣಾನ" ಎನ್ನುತ್ತಿದ್ದರು. ಅದರಲ್ಲಿ ಬೇಸರವೇನೂ ಇರಲಿಲ್ಲ, ಸ್ವಲ್ಪ ಜಂಬವೇ ಇತ್ತು. ಅವರು ಮಾಡಿದ ಒಂದು ರೂಪವೂ ಅಳತೆ ತಪ್ಪಿ ವಾಪಸು ಬಂದಿರಲಿಲ್ಲವಂತೆ. ಇದನ್ನು ನಾನು ಆ ಮನೆಯಲ್ಲಿ ನೂರು ಸಲವಾದರೂ ಕೇಳಿದ್ದೇನೆ.

ನನ್ನ ಗಂಡ ಅವರ ಒಬ್ಬನೇ ಮಗ. ಸೇನೆಯಲ್ಲಿ ಡ್ರೈವರ್ ಆಗಿದ್ದರು. ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು, ನಮಗೆ ಮಕ್ಕಳಾಗಿರಲಿಲ್ಲ. ಇವರು ಗಡಿಯ ಕಡೆ ಇರುವಾಗ ನಾನು ಶಿವಮೊಗ್ಗದ ರವೀಂದ್ರನಗರದಲ್ಲಿ ತವರಿನ ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸುತ್ತಿದ್ದೆ. ರಜೆಗೆ ಬಂದರೆ ಭದ್ರಾವತಿಯ ಮನೆಗೆ ಹೋಗುತ್ತಿದ್ದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಅದು, ನಿವೃತ್ತಿಯಾದ ಮೇಲೂ ಲೀಸಿಗೆ ಉಳಿಸಿಕೊಂಡಿದ್ದು. ಎರಡು ಕೋಣೆ, ಹಿಂದೆ ಒಂದು ತಗಡಿನ ಷೆಡ್ಡು.

ನಾಲ್ಕು ವರ್ಷದ ಹಿಂದೆ, ಚಳಿಗಾಲದಲ್ಲಿ, ಉತ್ತರದ ಗುಡ್ಡದ ದಾರಿಯಲ್ಲಿ ಇವರು ಓಡಿಸುತ್ತಿದ್ದ ಗಾಡಿಯ ಕೆಳಗೆ ರಸ್ತೆಯ ಅಂಚು ಕುಸಿಯಿತು. ಜೀಪಿಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು ಎನ್ನುವಂಥ ಗಾಡಿ. ಸಾಮಾನನ್ನೂ ಜನರನ್ನೂ ಹೊತ್ತುಕೊಂಡು ಓಡಾಡುವಂಥದ್ದು, ಮೇಲೆ ಟಾರ್ಪಾಲಿನ ಹೊದಿಕೆ. ಅದು ಉರುಳಿದಾಗ ಇವರು ಬಾಗಿಲಿನಿಂದಾಚೆ ಬಿದ್ದು, ತೊಡೆಯ ಮೂಳೆ ಮುರಿದುಕೊಂಡು ಬದುಕಿದರು. ಹಿಂದೆ ಕೂತಿದ್ದ ಮೂವರು ಬದುಕಲಿಲ್ಲ. ಇವರದೇನೂ ತಪ್ಪಿಲ್ಲ ಎಂದೇ ವಿಚಾರಣೆಯಲ್ಲಿ ಬಂತು. ಆ ಕಾಗದವನ್ನು ಮಾವ ಮಗನ ಮುಂದೆ ಕೂತು ಜೋರಾಗಿ ಮೂರು ಸಲ ಓದಿದರು. ಇವರು ಗೋಡೆ ನೋಡುತ್ತಿದ್ದರು.

ಕಾಲು ಕೂಡಿಕೊಂಡಿತು, ಸ್ವಲ್ಪ ಕುಂಟು ಉಳಿಯಿತು. ಸೇನೆಯಿಂದ ಬಿಡುಗಡೆಯಾಗಿ ಮನೆಗೆ ಬಂದರು. ನಾನು ಅಂಗಡಿ ಮುಚ್ಚಿ ಹೊಲಿಗೆ ಯಂತ್ರವನ್ನು ಭದ್ರಾವತಿಗೆ ತಂದೆ. ಮನೆಗೆ ಬಂದವರು ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ಎರಡು ತುತ್ತು ತಿಂದು ಏಳುತ್ತಿದ್ದರು. ಶಿವಮೊಗ್ಗದ ಮನೋವೈದ್ಯರು ಮಾತ್ರೆ ಬರೆದುಕೊಟ್ಟು, ನನ್ನನ್ನೂ ಮಾವನನ್ನೂ ಹೊರಗೆ ಕರೆದು, ಒಬ್ಬರೇ ಇರಲು ಬಿಡಬೇಡಿ ಎಂದು ಹೇಳಿ ಕಳಿಸಿದರು. ಅದರ ಅರ್ಥ ಇಬ್ಬರಿಗೂ ತಿಳಿಯಿತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲ ಬಾಗಿಲ ಒಳಚಿಲಕ ಇರಲಿಲ್ಲ. ಮಾವ ಅದನ್ನು ಬಿಚ್ಚಿ, ಸ್ಕ್ರೂ ತೂತುಗಳಿಗೆ ಮರದ ಪುಡಿ ಮತ್ತು ಅಂಟು ತುಂಬಿ, ಉಜ್ಜಿ, ಬಣ್ಣ ಹಚ್ಚಿದ್ದರು. ಅಲ್ಲಿ ಚಿಲಕವಿತ್ತು ಅಂತ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕೋಣೆಯ ಬಾಗಿಲದೂ ಹಾಗೆಯೇ. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಇಬ್ಬರು ಸೇರಿ ಒಬ್ಬ ಗಂಡಸನ್ನು ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ನಾನು ಸ್ನಾನಕ್ಕೆ ಹೋದರೆ ಮಾವ ಬಂದು ಇವರ ಕೋಣೆಯ ಬಾಗಿಲ ಹತ್ತಿರ ಪೇಪರ್ ಓದುತ್ತಾ ಕೂರುತ್ತಿದ್ದರು. ಅವರು ಹಾಲು ತರಲು ಹೋದರೆ ನಾನು ಹೊಲಿಯುವುದು ನಿಲ್ಲಿಸಿ ಕಿವಿ ಕೊಟ್ಟಿರುತ್ತಿದ್ದೆ. ಹೀಗೆ ಏಳೆಂಟು ತಿಂಗಳು ಕಳೆದವು.

ಒಂದು ದಿನ ಮಾವ, "ಸಕ್ರೆಬೈಲಿಗೆ ಹೋಗಣ. ಆನೆ ನೋಡಿದ್ರೆ ಎಂಥವನಿಗೂ ಮನಸ್ಸು ಅಲ್ಲಾಡುತ್ತೆ ಮಾರಾಯ್ತಿ" ಅಂದರು. ಎರಡು ಬಸ್ಸು ಹತ್ತಿ ಹೋದೆವು. ತುಂಗೆಯ ನೀರಿನಲ್ಲಿ ಆನೆಗಳು ಮಲಗಿದ್ದವು, ಮಾವುತರು ಕಲ್ಲು ಹಾಕಿ ಉಜ್ಜುತ್ತಿದ್ದರು, ಸುತ್ತ ಮಕ್ಕಳ ಕೇಕೆ. ಇವರು ಅದಕ್ಕೆಲ್ಲ ಬೆನ್ನು ಹಾಕಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಕುಂಟುತ್ತಾ ಮರದ ಕೆಳಗೆ ನಿಲ್ಲಿಸಿದ್ದ ಹಳೆಯ ಹಸಿರು ಜೀಪಿನ ಹತ್ತಿರ ಹೋದರು. ಒಂದು ಸುತ್ತು ಬಂದರು. ಬಾನೆಟ್ಟಿನ ಕೊಂಡಿ ಸಡಿಲವಾಗಿತ್ತು, ಅದನ್ನು ಒತ್ತಿ ಕೂರಿಸಿದರು. ಅಷ್ಟೇ. ಆದರೆ ಸೇನೆ ಬಿಟ್ಟು ಮನೆಗೆ ಬಂದ ಮೇಲೆ ಇವರ ಕೈ ತಾನಾಗಿ ಒಂದು ವಸ್ತುವನ್ನು ಮುಟ್ಟಿದ್ದು ಅದೇ ಮೊದಲು. ಆನೆ ನೋಡುವವರಂತೆ ನಟಿಸುತ್ತಿದ್ದ ಮಾವ ಅದನ್ನು ನೋಡಿಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಬೆರಳುಗಳು ತೊಡೆಯ ಮೇಲೆ ಏನನ್ನೋ ಅಳೆಯುತ್ತಿದ್ದವು.

ಹಾಗೆ ಶುರುವಾಯಿತು ಆ ಗಾಡಿ, ಉರುಳಿದ ಗಾಡಿಯದೇ ಪುಟ್ಟ ಮಾದರಿ. ಇವರ ಟ್ರಂಕಿನಲ್ಲಿ ತರಬೇತಿಯ ನೋಟ್ ಪುಸ್ತಕವಿತ್ತು, ಅದರಲ್ಲಿ ಗಾಡಿಯ ಉದ್ದ ಅಗಲ ಎತ್ತರವೆಲ್ಲ ಬರೆದಿತ್ತು. ಗಾಡಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೋಗಳೂ ಇದ್ದವು. ಮಾವ ಆರರಲ್ಲಿ ಒಂದು ಪಾಲಿನ ಅಳತೆ ಎಂದು ನಿಶ್ಚಯಿಸಿಕೊಂಡು ಷೆಡ್ಡಿನ ಮೇಜನ್ನು ನಡುಮನೆಗೆ, ಮಗನ ಕಣ್ಣೆದುರಿಗೆ ತಂದು ಹಾಕಿದರು. ಸಾಗುವಾನಿಯ ಚೂರುಗಳಲ್ಲಿ ಚಾಸಿ, ಎಣ್ಣೆ ಡಬ್ಬದ ತಗಡಿನಲ್ಲಿ ಬಾಡಿ, ಗರಗಸದ ಹಳೆಯ ಬ್ಲೇಡು ಕತ್ತರಿಸಿ ಅಡಿಯ ಸ್ಪ್ರಿಂಗ್ ಪಟ್ಟಿಗಳು. ಚಕ್ರವನ್ನು ಮರದಲ್ಲಿ ಕಡೆದು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದರು. ನನ್ನ ಗುಂಡುಪಿನ್ನುಗಳ ತಲೆ ಕತ್ತರಿಸಿ ರಿವೆಟ್ಟು ಮಾಡಿದರು. ಇವರು ನುಂಗಿದ ಮಾತ್ರೆಗಳ ಖಾಲಿ ಪಟ್ಟಿಯ ಪಾರದರ್ಶಕ ಗುಳ್ಳೆಗಳು ಹೆಡ್‌ಲೈಟಿನ ಗಾಜಾದವು. ಹಿಂದಿನ ಹಲಗೆಗೆ ಸಣ್ಣ ಸರಪಳಿ ಬೇಕೆಂದು ನನ್ನ ಮುರಿದ ಕಾಲ್ಗೆಜ್ಜೆಯನ್ನೂ ಕೇಳಿ ತೆಗೆದುಕೊಂಡರು. ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಬ್ರೇಕಿನ ಕೊಳವೆ ಕೂಡ ಎಳೆದಿದ್ದರು. "ಕಾಣದ್ದನ್ನ ಯಾಕ್ ಮಾಡ್ತೀರಿ?" ಅಂದರೆ, "ಅವನಿಗೆ ಗೊತ್ತಿರುತ್ತಲ್ಲಮ್ಮ" ಅಂದರು.

ಆ ಮನುಷ್ಯನ ಉಪಾಯ ನನಗೆ ತಿಳಿಯಲು ಎರಡು ವಾರ ಬೇಕಾಯಿತು. ಅವರು ಬೇಕೆಂದೇ ತಪ್ಪು ಮಾಡುತ್ತಿದ್ದರು. ಸ್ಟಿಯರಿಂಗನ್ನು ಎಡಗಡೆಗೆ ಕೂರಿಸಿ, "ಇಲ್ಲೇ ಅಲ್ವೇನೋ ಬರೋದು?" ಎಂದು ಕೇಳುವುದು. ಚಕ್ರಕ್ಕೆ ಒಂದು ಬೋಲ್ಟು ಕಡಿಮೆ ಹಾಕಿ ಮಗನ ಮುಖ ನೋಡುವುದು. ಹೊಗೆ ಕೊಳವೆಯನ್ನು ಉಲ್ಟಾ ತಿರುಗಿಸಿ, "ಹಿಂಗಿದ್ರೆ ಹೊಗೆ ಎಲ್ಲಿಗ್ ಹೋಗುತ್ತೆ ಅಂತೀನಿ" ಎಂದು ತಲೆ ಕೆರೆದುಕೊಳ್ಳುವುದು. ತಿದ್ದಲಿ ಎಂಬ ಆಸೆ. ಒಂದೇ ಒಂದು ಸಲ, "ಅಪ್ಪಾ, ಅದು ಹಾಗಲ್ಲ" ಎಂದರೆ ಸಾಕಿತ್ತು. ಇವರು ನೋಡುತ್ತಿದ್ದರು, ಕಣ್ಣು ತಿರುಗಿಸುತ್ತಿದ್ದರು. ಮಾವ ಸಂಜೆಯವರೆಗೆ ಕಾದು, ಮಾತಾಡದೆ ಬಿಚ್ಚಿ, ಸರಿಯಾಗಿ ಕೂರಿಸುತ್ತಿದ್ದರು. "ನಿಮಗೆ ನಾಟಕ ಬರಲ್ಲ ಮಾವ, ಅವರಿಗೆ ಎಲ್ಲಾ ಗೊತ್ತಾಗುತ್ತೆ" ಅಂದೆ. "ಗೊತ್ತಾಗ್ಲಿ. ಬೈಲಿ. ಬೈಲಿ ಅಂತಾನೇ ಮಾಡ್ತಿರೋದು" ಅಂದರು.

ಇನ್ನೊಂದು ವಿಷಯವನ್ನೂ ಅವರು ಕಂಡುಕೊಂಡಿದ್ದರು. ಹೊದಿಕೆಯ ಮಾತು ಬಂದರೆ ಇವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಬೇರೆ ಯಾವುದಕ್ಕೂ ಏಳದವರು ಟಾರ್ಪಾಲು ಎಂದರೆ ಸಾಕು, ಎದ್ದುಬಿಡುತ್ತಿದ್ದರು. ಮಾವ ಕಮಾನಿನ ಕಂಬಿಗಳನ್ನೆಲ್ಲ ನಿಲ್ಲಿಸಿ ಹೊದಿಕೆಯನ್ನು ಹಾಗೇ ಬಿಟ್ಟರು. ಬೋಳು ಪಕ್ಕೆಲುಬು ಬಿಟ್ಟುಕೊಂಡು ಆ ಗಾಡಿ ಮೇಜಿನ ಮೇಲೆ ಮೂರು ತಿಂಗಳು ನಿಂತಿತ್ತು.

ನಿಜ ಹೇಳಬೇಕೆಂದರೆ ನಾನು ಆ ಗಾಡಿಯನ್ನು ದ್ವೇಷಿಸುತ್ತಿದ್ದೆ. ಮನುಷ್ಯರನ್ನು ಕೊಂದದ್ದನ್ನು ಮತ್ತೆ ಕಟ್ಟಿ ನಡುಮನೆಯಲ್ಲಿ ಇಟ್ಟುಕೊಳ್ಳುವುದೇನು ಎಂದು ಹೊಟ್ಟೆಯೊಳಗೆ ಕುದಿಯುತ್ತಿದ್ದೆ. ಮನೆಯಲ್ಲಿ ಮರದ ಪುಡಿ, ಅಂಟಿನ ವಾಸನೆ, ಮೂಲೆಯಲ್ಲಿ ಮಾತಿಲ್ಲದ ಗಂಡ. ನನಗೆ ಮೂವತ್ತಾರು ವರ್ಷ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ, ಈ ಮನೆಯಲ್ಲಿ ಇವರಿಬ್ಬರ ಜೊತೆ ನಾನೂ ಸಾಯುತ್ತಿದ್ದೇನೆ ಅನ್ನಿಸಿತು. ಬಟ್ಟೆ ಜೋಡಿಸಿಕೊಂಡೆ. ರವೀಂದ್ರನಗರಕ್ಕೆ ಹೋಗಿ ಅಂಗಡಿ ಮತ್ತೆ ತೆರೆಯುವುದೆಂದು ನಿರ್ಧರಿಸಿ ಮಾವನ ಮುಂದೆ ಹೋಗಿ ನಿಂತೆ. ಅವರು ಉಳಿಯನ್ನು ಕೆಳಗಿಟ್ಟರು. ಅವರ ಎದೆಯಲ್ಲಿ ಶಿಳ್ಳೆಯಂಥ ಸದ್ದು ಕೇಳುತ್ತಿತ್ತು. ಮರದ ಪುಡಿ ಎಂದು ಅದಕ್ಕೆ ನೆಪ ಹೇಳುತ್ತಿದ್ದರು. ಹೃದಯದ ಕವಾಟ ಕೆಟ್ಟಿದೆ, ಬಂದು ಆಸ್ಪತ್ರೆಗೆ ಸೇರಿಕೊಳ್ಳಿ ಎಂದು ವೈದ್ಯರು ಹೇಳಿದ್ದನ್ನು ಆಗಲೇ ನುಂಗಿಕೊಂಡು ಕೂತಿದ್ದರೆಂದು ನನಗೆ ತಿಳಿದದ್ದು ಆಮೇಲೆ.

"ಹೋಗಮ್ಮ" ಅಂದರು. "ತಪ್ಪೇನಿಲ್ಲ. ನಿನ್ ಜಾಗದಲ್ಲಿ ನಾನಿದ್ರೆ ಯಾವತ್ತೋ ಹೋಗ್ತಿದ್ದೆ. ಆದ್ರೆ ಒಂದ್ ಉಪಕಾರ ಮಾಡು. ಆ ಟಾರ್ಪಾಲು ಹೊಲಿದುಕೊಟ್ಟು ಹೋಗು. ನನಗೆ ಬಟ್ಟೆ ಕೆಲಸ ಬರಲ್ಲ."

ಹೊರಟು ನಿಂತವಳಿಗೆ ಇನ್ನೇನು? ಹೊಲಿದುಕೊಟ್ಟೇ ಹೋಗುತ್ತೇನೆ ಎಂದು ಹಟದಿಂದ ಕೂತೆ. ಅವರ ಹಳೆಯ ಕಾರ್ಖಾನೆಯ ಖಾಕಿ ಪ್ಯಾಂಟೊಂದನ್ನು ಬಿಚ್ಚಿ, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದೆ. ಮಾವ ನೋಟ್ ಪುಸ್ತಕದ ಅಳತೆಯನ್ನು ಆರರಿಂದ ಭಾಗಿಸಿ ಇಂಚಿನಲ್ಲಿ ಹೇಳಿದರು, ನಾನು ನನ್ನ ಸ್ಕೇಲಿನಲ್ಲಿ ಗುರುತು ಹಾಕಿ ಕತ್ತರಿಸಿದೆ. ಅಂಚು ಮಡಿಸಿ, ಹಗ್ಗ ತೂರಿಸಲು ಹನ್ನೆರಡು ತೂತಿಗೂ ಕಾಜಾ ಹಾಕಿದೆ. ಮರುದಿನ ಮಧ್ಯಾಹ್ನ ಗಾಡಿಗೆ ತೊಡಿಸಿದೆವು. ಕೂರಲಿಲ್ಲ. ಮುಂದೆ ಸರಿಮಾಡಿದರೆ ಹಿಂದೆ ಗಿಡ್ಡ, ಹಿಂದೆ ಎಳೆದರೆ ಮುಂದೆ ಗಿಡ್ಡ. ಸರಿಯಾಗಿ ಕಾಲಿಂಚು ಸಾಲದು.

"ನಿನ್ ಕೈ ತಪ್ಪಿದೆಯಮ್ಮ" ಅಂದರು ಮಾವ.

"ನನ್ ಕೈ ತಪ್ಪಲ್ಲ. ನೀವ್ ಅಳತೆ ತಪ್ಪು ಹೇಳಿದೀರಿ."

"ಮೂವತ್ತೆಂಟ್ ವರ್ಷ! ಒಂದೇ ಒಂದು ಪೀಸು ವಾಪಸ್ ಬಂದಿಲ್ಲ ನಂದು!"

"ನಿಮ್ದು ಬಂದಿಲ್ಲ ಅಂದ್ರೆ ನಂದೂ ಬಂದಿಲ್ಲ. ಊರಲ್ಲಿ ಅರ್ಧ ಹೆಂಗಸರು ನಾನ್ ಹೊಲಿದ ರವಿಕೇಲಿ ಓಡಾಡ್ತಿದಾರೆ, ಯಾರಿಗೂ ಉಸಿರು ಕಟ್ಟಿಲ್ಲ!"

ಜಗಳ ಜೋರಾಯಿತು. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡದ್ದೆಲ್ಲ ಆ ಕಾಲಿಂಚಿನ ನೆಪದಲ್ಲಿ ಹೊರಗೆ ಬಂತು. ನಾನು ಏನೇನು ಅಂದೆನೋ. ಮಾವನೂ ಬಿಡಲಿಲ್ಲ, ನಿಜವಾಗಿಯೂ ಕೋಪಗೊಂಡಿದ್ದರು, ಕಿವಿ ಕೆಂಪಾಗಿತ್ತು. ಈ ಗದ್ದಲದಲ್ಲಿ ಇವರು ಮೂಲೆಯಿಂದ ಎದ್ದು ಬಂದದ್ದು ನಮಗೆ ಕಾಣಲಿಲ್ಲ. ಮೇಜಿನ ಮೇಲಿದ್ದ ಮಾವನ ಸ್ಟೀಲ್ ಸ್ಕೇಲನ್ನೂ ನನ್ನ ಸ್ಕೇಲನ್ನೂ ತೆಗೆದುಕೊಂಡು, ಎರಡನ್ನೂ ಒಂದರ ಪಕ್ಕ ಒಂದು ಇಟ್ಟು, ಒಂದು ತುದಿಯನ್ನು ಸಮ ಮಾಡಿ ಹಿಡಿದರು. ಇನ್ನೊಂದು ತುದಿಯಲ್ಲಿ ಮಾವನ ಹನ್ನೆರಡು ಇಂಚು ನನ್ನ ಹನ್ನೆರಡು ಇಂಚನ್ನು ದಾಟಿ ಕಾಲಿಂಚು ಆಚೆಗಿತ್ತು.

"ಅಪ್ಪಾ" ಅಂದರು. ತುಕ್ಕು ಹಿಡಿದ ದನಿ. "ಕುಗ್ಗೋ ಸ್ಕೇಲು. ಇದನ್ನೇ ಸ್ಕೂಲಿಗೆ ತಗೊಂಡ್ ಹೋಗಿ ಲೆಕ್ಕದ ಮೇಷ್ಟ್ರ ಹತ್ರ ಒದೆ ತಿಂದಿದ್ದೆ."

ಕರಗಿದ ಉಕ್ಕು ಆರಿದಾಗ ಕುಗ್ಗುತ್ತದೆ. ಒಂದಡಿಗೆ ಕಾಲಿಂಚು. ಅದಕ್ಕೆ ಮರದ ರೂಪವನ್ನು ಮೊದಲೇ ಅಷ್ಟು ದೊಡ್ಡದು ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತೊಂದರೆ ಬೇಡವೆಂದು ಆ ಕೆಲಸದವರಿಗೆ ಬೇರೆಯೇ ಸ್ಕೇಲು ಇರುತ್ತದೆ, ಅದರ ಒಂದೊಂದು ಇಂಚೂ ಕೂದಲೆಳೆಯಷ್ಟು ಹೆಚ್ಚು ಉದ್ದ. ನೋಡಲು ಎಲ್ಲ ಸ್ಕೇಲಿನಂತೆಯೇ ಇರುತ್ತದೆ. ಮೂವತ್ತೆಂಟು ವರ್ಷ ಅದನ್ನೇ ಹಿಡಿದ ಕೈ ಈಗಲೂ ಅದನ್ನೇ ಹಿಡಿದಿತ್ತು. ಎಂದೂ ಎರಕಕ್ಕೆ ಹೋಗದ, ಎಂದೂ ಕುಗ್ಗದ ಒಂದು ಗಾಡಿಯನ್ನು ಮಾವ ಕುಗ್ಗುವ ಅಳತೆಯಲ್ಲಿ ಕಟ್ಟಿದ್ದರು. ಬೇಕೆಂದು ಮಾಡಿದ ಇಪ್ಪತ್ತು ತಪ್ಪಿಗೆ ಬಾಯಿ ಬಿಡದ ಮಗ, ಅರಿಯದೆ ಮಾಡಿದ ಈ ಒಂದು ತಪ್ಪಿಗೆ ಎದ್ದು ಬಂದಿದ್ದರು. ಮಾವ ಎರಡು ಸ್ಕೇಲನ್ನೂ ನೋಡಿದರು, ಮಗನನ್ನು ನೋಡಿದರು. "ಒಂದ್ ಪೀಸು ವಾಪಸ್ ಬಂತಲ್ಲೋ ಮಾರಾಯ" ಅಂದು ನಗಲು ಹೋಗಿ, ಅಳು ಬಂದು, ಮೇಜು ಹಿಡಿದುಕೊಂಡರು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತೇನೋ. ಇವರ ಕಣ್ಣು ಹೊದಿಕೆಯ ಮೇಲೆ ಬಿತ್ತು. ಗಾಡಿಯ ಹಿಂಬದಿಯಲ್ಲಿ ನಾನು ಅದನ್ನು ಹಗ್ಗದಿಂದ ಬಿಗಿದು ಕಟ್ಟಿದ್ದೆ. ಇವರು ಬಗ್ಗಿ ಆ ಗಂಟುಗಳನ್ನು ಬಿಚ್ಚತೊಡಗಿದರು. ಬಿಚ್ಚಲು ಆಗುತ್ತಿರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದರು. ನಾಲ್ಕನೆಯ ಗಂಟು ಬಿಚ್ಚಿದ ಮೇಲೆ ನೆಲದ ಮೇಲೆ ಕೂತರು.

"ಅವತ್ತು ಗಾಳಿ ಅಂದ್ರೆ ಗಾಳಿ" ಅಂದರು. "ಹಿಂದೆ ಕೂತೋರು ಬಿಗಿಯಾಗಿ ಕಟ್ಟು, ಚಳಿ ತಡೆಯಕ್ಕಾಗಲ್ಲ ಅಂದ್ರು. ಹೊರಗಡೆಯಿಂದ ನಾನೇ ಕಟ್ಟಿದೆ. ನಾಲ್ಕು ಗಂಟು. ಹಿಂದಿನ ಹಲಗೆಗೆ ಎರಡೂ ಪಿನ್ ನಾನೇ ಹಾಕಿದೆ. ನಾನ್ ಹಾಕಿದ ಗಂಟು ಬಿಚ್ಚಲ್ಲ ಅಂತ ಅಲ್ಲೆಲ್ಲ ಹೆಸರಿತ್ತು. ಗಾಡಿ ಜಾರಿದ್ದು ನಿಧಾನಕ್ಕೆ ಅಪ್ಪಾ. ಹಾರೋವಷ್ಟು ಟೈಮಿತ್ತು. ಅವರಿಗೆ ದಾರೀನೇ ಇರ್ಲಿಲ್ಲ."

ನಿನ್ನ ತಪ್ಪಲ್ಲ ಎಂದು ಮಾವ ಹೇಳುತ್ತಾರೆ ಎಂದುಕೊಂಡೆ, ಯಾರಾದರೂ ಅದನ್ನೇ ಹೇಳುತ್ತಾರೆ. ಮಾವ ಮಗನ ಪಕ್ಕ ನೆಲದ ಮೇಲೆ ಕೂತು, "ಕೂಗಿದ್ರೇನೋ?" ಎಂದು ಕೇಳಿದರು.

"ಹೂಂ."

"ಏನಂತ?"

"ನನ್ ಹೆಸರು."

ಮಾವ ಮಗನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು ಆ ಬೋಳು ಹೆಬ್ಬೆರಳಿನಿಂದ ಸವರಿದರು. "ಇನ್ಮೇಲೆ ಅವರು ಕೂಗಿದ್ರೆ ನನಗೂ ಹೇಳು" ಅಂದರು. "ಒಬ್ನೇ ಕೇಳ್ಬೇಡ. ಇಬ್ರೂ ಕೂತು ಕೇಳಣ."

ನಾನು ಜೋಡಿಸಿದ ಬಟ್ಟೆಯನ್ನು ಮತ್ತೆ ಬೀರುವಿನಲ್ಲಿಟ್ಟೆ.

ಇದರಿಂದ ಇವರು ಗುಣವಾದರು ಎಂದು ಬರೆದರೆ ಸುಳ್ಳಾಗುತ್ತದೆ. ಇವತ್ತಿಗೂ ಕೆಲವು ದಿನ ಗೋಡೆ ನೋಡಿಕೊಂಡೇ ಕಳೆಯುತ್ತಾರೆ, ಮಾತ್ರೆ ನಡೆದಿದೆ, ಬಾಗಿಲಿಗೆ ಚಿಲಕ ಇನ್ನೂ ಹಾಕಿಲ್ಲ. ಆದರೆ ಅಂದಿನಿಂದ ಊಟದ ಮಧ್ಯೆಯೋ ಪೇಪರ್ ಓದುವಾಗಲೋ ಇವರು "ಅಪ್ಪಾ" ಎನ್ನುತ್ತಿದ್ದರು. ಅಷ್ಟು ಕೇಳಿದರೆ ಮಾವ ಕೈಯಲ್ಲಿದ್ದುದನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಮಾವ, "ಹೋಯ್ತಾ?" ಎನ್ನುವರು. "ಹೋಯ್ತು" ಎನ್ನುವರು ಇವರು. ಮಾವ ಎದ್ದು ಕೆಲಸಕ್ಕೆ ಹೋಗುವರು. ಹೆತ್ತವರು ಮಕ್ಕಳಿಗೆ ಏನೇನೋ ಕೊಡುತ್ತಾರೆ. ಮಗನ ಕಿವಿಯಲ್ಲಿ ಕೂಗುವ ಸತ್ತವರನ್ನು ತನ್ನ ಕಿವಿಗೂ ಕರೆಸಿಕೊಂಡ ಅಪ್ಪನನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಈಗ ಪಕ್ಕದಲ್ಲಿ ಹೋಗಿ ಕೂರುವುದು ನನ್ನ ಕೆಲಸ. ಅವರಷ್ಟು ಚೆನ್ನಾಗಿ ನನಗೆ ಬರುವುದಿಲ್ಲ, ನಡುವೆ ಮಾತಾಡಿಬಿಡುತ್ತೇನೆ.

ಕಮಾನನ್ನು ಅಪ್ಪ ಮಗ ಸೇರಿ ಬಿಚ್ಚಿ ಕಾಲಿಂಚು ಕಡಿಮೆ ಮಾಡಿದರು. ಉಳಿದ ಗಾಡಿಯನ್ನೆಲ್ಲ ಸರಿಮಾಡುವಷ್ಟು ಉಸಿರು ಮಾವನಲ್ಲಿ ಉಳಿದಿರಲಿಲ್ಲ. ಕಾಲು ಊದಿಕೊಂಡಿತ್ತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ನಿದ್ದೆ. ಆಸ್ಪತ್ರೆ ಎಂದರೆ, "ಇವನನ್ನ ಬಿಟ್ಟು ಅಲ್ಲಿ ಮಲಗಕ್ಕಾಗಲ್ಲ" ಎನ್ನುತ್ತಿದ್ದರು. ನಾನು ಕೂಗಾಡಿದೆ, ಊಟ ಬಿಟ್ಟೆ. ಅವರು ಕೇಳುವ ಜನವಲ್ಲ.

ಕಳೆದ ವರ್ಷ ಒಂದು ಮಧ್ಯಾಹ್ನ ಅವರ ತುಟಿ ನೀಲಿಯಾಯಿತು. ಭದ್ರಾವತಿಯ ವೈದ್ಯರು ಮನೆಗೇ ಬಂದು ನೋಡಿ, ತಕ್ಷಣ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್ ಬೇರೊಬ್ಬರನ್ನು ಕರೆದುಕೊಂಡು ಹೋಗಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ ಓಡಿ ಬಂದು, "ನಮ್ಮ ವ್ಯಾನಿದೆ ಕಣ್ಣಮ್ಮಾ, ನಮ್ ಹುಡುಗ ಯಾರ್ದೋ ಮದುವೆಗೆ ಅಂತ ಸೇಲಂಗೆ ಹೋಗ್ಬಿಟ್ಟಿದಾನೆ, ಓಡಿಸೋರು ಯಾರು?" ಎಂದು ಚಾವಿ ಹಿಡಿದುಕೊಂಡು ನಿಂತರು. ನಾನು ಇವರ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಅಪಘಾತವಾದ ಮೇಲೆ ಇವರು ಒಂದು ಸೈಕಲ್ಲನ್ನೂ ಮುಟ್ಟಿರಲಿಲ್ಲ. ಇವರು ಅಜ್ಜಿಯ ಕೈಯಿಂದ ಚಾವಿ ತೆಗೆದುಕೊಂಡರು.

ತರಕಾರಿ ಸಾಗಿಸುವ ವ್ಯಾನು, ಹಿಂದೆ ಸೀಟುಗಳಿರಲಿಲ್ಲ. ಚಾಪೆ ಹಾಸಿ, ದಿಂಬುಗಳನ್ನು ಒಟ್ಟಿ, ಮಾವನನ್ನು ಹಿಂದಿನಿಂದ ಹತ್ತಿಸಿ ಒರಗಿಸಿದೆವು. ನಾನು ಅವರ ಪಕ್ಕ ಕೂತೆ. ಹಿಂದಿನ ಬಾಗಿಲನ್ನು ಹೊರಗಿನಿಂದಲೇ ಹಾಕಬೇಕು, ಒಳಗಿನಿಂದ ತೆಗೆಯಲು ಬರುವುದಿಲ್ಲ. ಇವರು ಬಾಗಿಲು ಹಿಡಿದುಕೊಂಡು ನಿಂತರು. ನಿಂತೇ ಇದ್ದರು. "ರೀ, ಹಾಕ್ರೀ" ಅಂದೆ. ಕೈ ಅಲ್ಲಾಡಲಿಲ್ಲ. ಅಜ್ಜಿ ಹಾಕಲು ಬಂದರೆ ಇವರು ಭುಜ ಅಡ್ಡ ಕೊಟ್ಟು ತಡೆದರು. ಒಂದೊಂದು ಗಳಿಗೆಯೂ ಮಾವನ ಎದೆಯಿಂದ ಹೋಗುತ್ತಿತ್ತು, ನನಗೆ ಕಿರುಚಬೇಕೆನಿಸಿತು.

ಮಾವ ಕಣ್ಣು ತೆರೆದರು. ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು, "ಹಾಕೋ" ಅಂದರು. "ನಾನೇ ಹೇಳ್ತಿದೀನಿ. ಹಾಕಿ, ಹೋಗಿ, ಕೂತ್ಕೋ."

ಬಾಗಿಲು ಬಿತ್ತು. ಇವರು ಮುಂದೆ ಬಂದು ಕೂತರು, ಗಾಡಿ ಹೊರಟಿತು. ಇಷ್ಟು ವರ್ಷ ಮುಟ್ಟದ ಕೈ ಗೇರನ್ನು ಒಂದು ಸಲವೂ ಕಿರುಗುಟ್ಟಿಸಲಿಲ್ಲ. ಸೇತುವೆ ದಾಟಿ ಊರು ಬಿಟ್ಟ ಮೇಲೆ ಮಾವ ನನ್ನ ಕೈ ಹಿಸುಕಿದರು. ಬಗ್ಗಿ ಕಿವಿ ಕೊಟ್ಟೆ. "ನಂಗೇನಾದ್ರೂ, ಮುಟ್ಟೋ ತನಕ, ಅವನಿಗೆ ಹೇಳ್ಬೇಡ" ಅಂದರು. ಅವರು ಆಡಿದ ಕೊನೆಯ ಮಾತು ಅದು. ಮಾಚೇನಹಳ್ಳಿ ಬರುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಅವರ ಕೈ ಸಡಿಲವಾಯಿತು. ಎದೆಯ ಆ ಶಿಳ್ಳೆ ನಿಂತಿತು.

ಅಲ್ಲಿಂದ ಆಸ್ಪತ್ರೆಯವರೆಗೆ ನಾನು ಮಾತಾಡುತ್ತಲೇ ಇದ್ದೆ. ಹೇಗೆ ಆ ದನಿ ಬಂತೋ ನನಗೇ ಗೊತ್ತಿಲ್ಲ. "ಮಾವ, ಇನ್ನೇನ್ ಬಂದೇ ಬಿಡ್ತು. ನೀರು ಕೊಡ್ಲಾ ಮಾವ? ಮಲ್ಕೋಬೇಡಿ, ಕಣ್ ಬಿಡಿ. ನೋಡಿ, ಶಿವಮೊಗ್ಗ ಬಂತು." ಅವರ ತಲೆ ನನ್ನ ತೊಡೆಯ ಮೇಲಿತ್ತು, ಗಾಡಿ ಕುಲುಕಿದಾಗ ಅಲುಗುತ್ತಿತ್ತು. ಇವರು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಗಾಡಿ ಒಂದೇ ವೇಗದಲ್ಲಿ ಹೋಗುತ್ತಿತ್ತು. ಹಿಂದಿನ ಬಾಗಿಲು ತೆರೆದಾಗ ಇವರಿಗೆ ಕಾಣುವುದು ಏನು ಎಂದು ನೆನೆಯುತ್ತಿದ್ದೆ. ಒಬ್ಬರನ್ನು ಕಳೆದುಕೊಂಡಾಗಿತ್ತು, ಇನ್ನೊಬ್ಬರನ್ನು ಆ ಬಾಗಿಲಲ್ಲಿ ಕಳೆದುಕೊಳ್ಳುತ್ತೇನೆ ಎಂದೇ ನಾನು ನಂಬಿದ್ದೆ.

ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ಇಳಿದು ಸುತ್ತಿ ಬರುವ ಕುಂಟು ಹೆಜ್ಜೆ ಕೇಳಿಸಿತು. ಬಾಗಿಲು ತೆರೆಯಿತು. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಇವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಸಾಕು ಬಿಡು" ಅಂದರು. "ಮಾಚೇನಹಳ್ಳಿ ಹತ್ರಾನೇ ಅಪ್ಪನ ಉಸಿರು ನಿಂತಿದ್ದು ಕೇಳಿಸ್ತು. ನಾನ್ ಗಾಡಿ ನಿಲ್ಸಿದ್ರೆ ನೀನು ಕುಸಿದುಹೋಗ್ತೀಯ ಅಂತ ಓಡಿಸ್ಕೊಂಡು ಬಂದೆ."

ಆಸ್ಪತ್ರೆಯವರು ಸ್ಟ್ರೆಚರ್ ತಳ್ಳಿಕೊಂಡು ಬಂದರು. ಇವರು ಕೈಯೆತ್ತಿ ಅವರನ್ನು ತಡೆದು, ಕುಂಟು ಕಾಲನ್ನು ಗಾಡಿಯ ಅಂಚಿಗೆ ಊರಿ, ಒಳಗೆ ಬಗ್ಗಿ, ಅಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡರು.

"ಅಪ್ಪನ್ನಾದ್ರೂ ನಾನೇ ಇಳಿಸ್ತೀನಿ" ಅಂದರು.